ಕುದುರೆಯ ಬಲ ಗೋದಲಿಯಲ್ಲಿದೆ

ಕೆಲವು ವಿಡಿಯೊಗಳಿಗೆ ಸಾವೇ ಇಲ್ಲ. ಹಿಮ ಮುಚ್ಚಿದ ಕಾಡುದಾರಿಯಲ್ಲಿ, ಪಾದದ ತುಂಬ ಬಿಳಿಗೂದಲಿರುವ ಎರಡು ದೈತ್ಯ ಕುದುರೆಗಳು ಬುಸುಗುಡುತ್ತ ಮರದ ದಿಮ್ಮಿಗಳ ರಾಶಿಯನ್ನು ಎಳೆದುಕೊಂಡು ಹೋಗುವ ವಿಡಿಯೊ ಅಂಥದ್ದು. ಆಗಾಗ ಯಾರಾದರೂ ಓದುಗರು ಅದನ್ನು ನನಗೆ ಕಳಿಸುತ್ತಲೇ ಇರುತ್ತಾರೆ. ಜೊತೆಗೊಂದು ಒಕ್ಕಣೆ: ಒಂದು ಕುದುರೆ 8,000 ಪೌಂಡ್ ಎಳೆದರೆ ಎರಡು ಸೇರಿ 24,000 ಪೌಂಡ್ ಎಳೆಯುತ್ತವಂತೆ, ಒಗ್ಗಟ್ಟಿನ ಮಹಿಮೆ ನೋಡಿ! ವ್ಯಕ್ತಿತ್ವ ವಿಕಸನದ ಭಾಷಣಕಾರರಿಗೆ ಇದು ಅಚ್ಚುಮೆಚ್ಚಿನ ಉದಾಹರಣೆ. ಓದುಗರ ಪ್ರಶ್ನೆ ಮಾತ್ರ ನೇರವಾಗಿರುತ್ತದೆ: "ಸಾರ್, ಇದು ನಿಜವಾ? ಅಷ್ಟು ದೊಡ್ಡ ಕುದುರೆ ಇರುತ್ತಾ? ಅದಕ್ಕೆ ಏನು ಹಾಕಿ ಸಾಕುತ್ತಾರೆ?" ಮೂರು ಪ್ರಶ್ನೆಗಳಲ್ಲಿ ಕೊನೆಯದೇ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಅಲ್ಲಿಗೆ ಹೋಗುವ ಮುಂಚೆ ಮೊದಲೆರಡರ ಗಂಟು ಬಿಡಿಸಿಕೊಳ್ಳಬೇಕು.

ಒಂದು ಕುದುರೆ ಇಷ್ಟು ಟನ್ ಎಳೆಯಿತು ಎನ್ನುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ. ಗಾಡಿಯ ಮೇಲೆ ಹೇರಿದ ಹೊರೆ ಒಂದು. ಆ ಹೊರೆಯನ್ನು ಮುಂದಕ್ಕೆ ಸರಿಸಲು ಕುದುರೆ ಹಾಕಬೇಕಾದ ಬಲ ಇನ್ನೊಂದು. ಗಾಡಿಯ ಭಾರವನ್ನೆಲ್ಲ ನೆಲವೇ ಹೊರುತ್ತದೆ. ಕುದುರೆ ಹೋರಾಡಬೇಕಾದದ್ದು ಚಕ್ರ ಮತ್ತು ದಾರಿಯ ತಿಕ್ಕಾಟದ ಜೊತೆಗೆ ಮಾತ್ರ. ಎಪ್ಪತ್ತು ಕಿಲೋದಷ್ಟು ಎಳೆತವನ್ನು ಬಿಡದೆ ಕೊಡಬಲ್ಲ ಕುದುರೆಯೊಂದಿದೆ ಎಂದುಕೊಳ್ಳಿ. ಮೆತ್ತನೆಯ ಮಣ್ಣುದಾರಿಯಲ್ಲಿ ಅದು ಒಂದು ಟನ್ ಆಸುಪಾಸಿನ ಗಾಡಿಯನ್ನು ಎಳೆದೀತು. ಗಟ್ಟಿ ರಸ್ತೆಯಲ್ಲಿ ಎರಡು ಮೂರು ಟನ್ ಸಾಗಿಸೀತು. ಕಬ್ಬಿಣದ ಹಳಿಯ ಮೇಲಿಟ್ಟರೆ ಹತ್ತು ಟನ್ ದಾಟೀತು. ಇಂಗ್ಲೆಂಡಿನ ಕಾಲುವೆಗಳಲ್ಲಿ ದಡದ ಮೇಲೆ ನಡೆಯುತ್ತ ಹಗ್ಗ ಕಟ್ಟಿ ದೋಣಿ ಎಳೆಯುತ್ತಿದ್ದ ಒಂಟಿ ಕುದುರೆಗಳು ಮೂವತ್ತು ಟನ್ನಿಗೂ ಮಿಕ್ಕಿದ ಸರಕನ್ನು ಸಾಗಿಸುತ್ತಿದ್ದವು. ಕುದುರೆ ಬದಲಾಗಲಿಲ್ಲ, ದಾರಿ ಬದಲಾಯಿತು ಅಷ್ಟೇ. ಹಳೇ ಮೈಸೂರು ಕಡೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಗಾಡಿ ಹೋಗಿ ರಬ್ಬರ್ ಟೈರಿನ ಡನ್‌ಲಪ್ ಗಾಡಿ ಬಂದಾಗ, ಅದೇ ಜೋಡೆತ್ತು ಎರಡು ಪಾಲು ಕಬ್ಬು ಹೊತ್ತು ಫ್ಯಾಕ್ಟರಿ ದಾರಿ ಹಿಡಿದದ್ದನ್ನು ಅವರು ಕಣ್ಣಾರೆ ಕಂಡವರು.

ವಿಡಿಯೊದಲ್ಲಿರುವ ದಿಮ್ಮಿಗಳ ರಹಸ್ಯವೂ ಇದೇ. ಇಂಥ ಚಿತ್ರಗಳ ಮೂಲಪುರುಷ ಎನ್ನಬಹುದಾದ ಫೋಟೊ ಒಂದಿದೆ. 1893ರ ಫೆಬ್ರವರಿಯಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಕಾಡಿನಲ್ಲಿ ಒಂದು ಜೋಡಿ ಕುದುರೆ 50 ಪೈನ್ ದಿಮ್ಮಿಗಳನ್ನು ಪೇರಿಸಿದ ಜಾರುಗಾಡಿಯನ್ನು ಎಳೆಯಿತು. ಪೇರಿಸಿದ ರಾಶಿ ಎರಡಂತಸ್ತಿನ ಮನೆಗಿಂತ ಎತ್ತರ. ಆ ದಿಮ್ಮಿಗಳನ್ನು ರೈಲಿಗೆ ಹಾಕಿ ಷಿಕಾಗೋದ ವಿಶ್ವ ಮೇಳಕ್ಕೆ ಪ್ರದರ್ಶನಕ್ಕೆ ಒಯ್ದರು. (ಆ ಮೇಳದ ಅಂಗವಾಗಿಯೇ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತಾಡಿದ್ದು. ಒಂದು ಕಡೆ ವೇದಾಂತ, ಇನ್ನೊಂದು ಕಡೆ ಪೈನ್ ದಿಮ್ಮಿ!) ರಾಶಿಯ ತೂಕ ನೂರು ಟನ್ ಮೀರಿತ್ತು ಎಂಬ ಹೇಳಿಕೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದರರ್ಧ ಎಂದಿಟ್ಟುಕೊಂಡರೂ ಕಡಿಮೆಯೇನಲ್ಲ. ಆದರೆ ಆ ಕಾಲದ ಮರ ಕಡಿಯುವ ಶಿಬಿರಗಳಲ್ಲಿ ರಾತ್ರಿ ಹೊತ್ತು ನೀರಿನ ತೊಟ್ಟಿ ಹೊತ್ತ ಬಂಡಿಗಳು ದಾರಿಗೆ ನೀರು ಚಿಮುಕಿಸಿಕೊಂಡು ಹೋಗುತ್ತಿದ್ದವು. ಬೆಳಗಾಗುವಷ್ಟರಲ್ಲಿ ದಾರಿ ಗಾಜಿನಂಥ ಮಂಜುಗಡ್ಡೆಯಾಗಿರುತ್ತಿತ್ತು. ಇಳಿಜಾರಿನಲ್ಲಿ ಗಾಡಿಯವರ ಚಿಂತೆ ಎಳೆಯುವುದು ಹೇಗೆ ಎಂಬುದಾಗಿರಲಿಲ್ಲ, ನಿಲ್ಲಿಸುವುದು ಹೇಗೆ ಎಂಬುದಾಗಿತ್ತು. ತಡೆಯದೆ ನುಗ್ಗಿದರೆ ದಿಮ್ಮಿಗಳು ಕುದುರೆಯ ಮೇಲೆಯೇ ಹರಿದುಹೋಗುತ್ತಿದ್ದವು.

ಹಾಗಾದರೆ ಕುದುರೆಯ ಅಸಲಿ ಎಳೆತವನ್ನು ಅಳೆಯುವುದು ಹೇಗೆ? 1920ರ ದಶಕದಲ್ಲಿ ಅಮೆರಿಕದ ಅಯೋವ ಕೃಷಿ ಕಾಲೇಜಿನವರು ಇದಕ್ಕೊಂದು ಯಂತ್ರ ಮಾಡಿದರು. ಲಾರಿಯ ಮೇಲೆ ಕೂರಿಸಿದ ಆ ಡೈನಮೋಮೀಟರಿಗೆ ಕುದುರೆಗಳನ್ನು ಕಟ್ಟಿದರೆ, ಗೊತ್ತುಮಾಡಿದಷ್ಟು ಬಲ ಬಿದ್ದಾಗ ಮಾತ್ರ ಲಾರಿ ಮುಂದೆ ಸರಿಯುತ್ತಿತ್ತು. ಇಪ್ಪತ್ತೇಳೂವರೆ ಅಡಿ ಸರಿಸಿದರೆ ಗೆದ್ದಂತೆ. ಜಾತ್ರೆಯ ಪಣದ ಹಾಗಿದ್ದ ಈ ಆಟದಿಂದ ವಿಜ್ಞಾನಕ್ಕೆ ಒಳ್ಳೆಯ ಅಂಕಿಗಳು ಸಿಕ್ಕವು. 1925ರ ಅಯೋವ ಮೇಳದ ಲೆಕ್ಕವನ್ನು ಮುಂದಿಟ್ಟುಕೊಂಡು ಇಬ್ಬರು ಜೀವವಿಜ್ಞಾನಿಗಳು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಪುಟ್ಟ ಟಿಪ್ಪಣಿಯ ಪ್ರಕಾರ, ಒಂದು ಒಳ್ಳೆಯ ಎಳೆಗುದುರೆ, ಅಂದರೆ ಭಾರ ಎಳೆಯುವ ಕುದುರೆ, ಕೆಲವೇ ಕ್ಷಣಗಳ ಮಟ್ಟಿಗೆ ಹದಿನೈದು ಅಶ್ವಶಕ್ತಿಯ ಹತ್ತಿರ ಹೋಗಬಲ್ಲದು. ನೀವು ಓದಿದ್ದು ಸರಿಯಾಗಿದೆ. ಒಂದೇ ಕುದುರೆ, ಹದಿನೈದು ಅಶ್ವಶಕ್ತಿ. ಆದರೆ ಆ ಕ್ಷಣಗಳು ಮುಗಿದ ಮೇಲೆ ಅದನ್ನು ಬಿಚ್ಚಿ, ಬೆವರು ಒರೆಸಿ, ಅಡ್ಡಾಡಿಸಬೇಕು. ಅದು ಹೊಲ ಉಳುವ ಶಕ್ತಿಯಲ್ಲ.

ಜೋಡಿಯ ಮಹಿಮೆಯ ಲೆಕ್ಕಕ್ಕೂ ಇಲ್ಲೇ ಉತ್ತರವಿದೆ. ಎರಡು ಕುದುರೆ ಕಟ್ಟಿದರೆ ಸಿಗುವ ಎಳೆತ ಒಂದರ ಎರಡರಷ್ಟಕ್ಕಿಂತ ತುಸು ಕಡಿಮೆಯೇ. ಒಂದು ಹೆಜ್ಜೆ ಮುಂದಿಟ್ಟರೆ ಇನ್ನೊಂದು ಅರೆಗಳಿಗೆ ಹಿಂದೆ ಬೀಳುತ್ತದೆ, ಚುರುಕಾದದ್ದರ ಪಕ್ಕದಲ್ಲಿ ಸೋಮಾರಿಯೂ ಇರುತ್ತದೆ. ನಾಲ್ಕು, ಆರು ಕಟ್ಟಿದಷ್ಟೂ ಒಂದೊಂದರ ಪಾಲು ಇನ್ನಷ್ಟು ಇಳಿಯುತ್ತದೆ. ಹಾಗಿದ್ದರೆ ಒಂದಕ್ಕೆ ಅಲ್ಲಾಡದ ಗಾಡಿ ಎರಡಕ್ಕೆ ಹೊರಡುವುದೇಕೆ? ನಿಂತ ಗಾಡಿಯನ್ನು ಹೊರಡಿಸಲು ಬೇಕಾಗುವ ಬಲ, ಉರುಳುತ್ತಿರುವ ಗಾಡಿಯನ್ನು ಉರುಳಿಸಿಕೊಂಡು ಹೋಗಲು ಬೇಕಾಗುವ ಬಲಕ್ಕಿಂತ ಬಹಳ ಹೆಚ್ಚು. ಆ ಮೊದಲ ಜಗ್ಗು ಒಂಟಿ ಕುದುರೆಯ ಕೈಮೀರಿದ್ದರೆ ಅದರ ಪಾಲಿಗೆ ಹೊರೆ ಸೊನ್ನೆ, ಜೋಡಿಯ ಪಾಲಿಗೆ ಇಡೀ ಗಾಡಿ. ಮೂರು ಪಟ್ಟು ಎಂಬ ಪವಾಡವೆಲ್ಲ ಈ ಸಂದಿಯಲ್ಲಿ ಹುಟ್ಟಿದ್ದು. ಭಾಷಣಕಾರರು ಬೇಕಾದರೆ ಒಗ್ಗಟ್ಟಿಗೆ ಬೇರೆ ಉದಾಹರಣೆ ಹುಡುಕಿಕೊಳ್ಳಲಿ.

ದಿನವಿಡೀ ದುಡಿಯುವ ಕುದುರೆಯ ಲೆಕ್ಕವನ್ನು ದುಡ್ಡಿನ ಕಾರಣಕ್ಕೆ ಹಾಕಿದವನು ಜೇಮ್ಸ್ ವಾಟ್. 1780ರ ದಶಕದಲ್ಲಿ ಅವನು ಉಗಿಯಂತ್ರ ಮಾರಲು ಹೊರಟಾಗ, ಗಿರಣಿಯವರೂ ಬಿಯರ್ ಭಟ್ಟಿಯವರೂ ಕೇಳುತ್ತಿದ್ದದ್ದು ಒಂದೇ ಮಾತು: ಇದು ಎಷ್ಟು ಕುದುರೆ ಉಳಿಸುತ್ತೆ? ಗಾಣದ ಎತ್ತಿನಂತೆ ಸುತ್ತು ಹಾಕುತ್ತಿದ್ದ ಗಿರಣಿ ಕುದುರೆಯ ಲೆಕ್ಕವನ್ನು ಅವನು ಹಿಡಿದ. ಹನ್ನೆರಡು ಅಡಿ ತ್ರಿಜ್ಯದ ವೃತ್ತ, ಗಂಟೆಗೆ 144 ಸುತ್ತು, 180 ಪೌಂಡ್ ಎಳೆತ. ಗುಣಿಸಿ, ಸ್ವಲ್ಪ ಮೇಲಕ್ಕೆ ತಿದ್ದಿ, ನಿಮಿಷಕ್ಕೆ 33,000 ಅಡಿ-ಪೌಂಡ್ ಎಂದು ಗೊತ್ತುಮಾಡಿದ. ಅದೇ ಒಂದು ಅಶ್ವಶಕ್ತಿ, ಈಗಿನ ಅಳತೆಯಲ್ಲಿ ಸುಮಾರು 746 ವ್ಯಾಟ್. ಅವನಿಗಿಂತ ಮುಂಚೆ ಲೆಕ್ಕ ಹಾಕಿದ್ದ ಜಾನ್ ಸ್ಮೀಟನ್ ಎಂಬ ಇಂಜಿನಿಯರನ ಅಂಕಿ ಇದಕ್ಕಿಂತ ಸಾಕಷ್ಟು ಕಡಿಮೆ ಇತ್ತು. ವಾಟ್ ಉದಾರನಾದದ್ದರಲ್ಲಿ ವ್ಯಾಪಾರದ ಜಾಣತನವಿತ್ತು ಎಂದು ನನಗನ್ನಿಸುತ್ತದೆ. ಹತ್ತು ಕುದುರೆಯ ಯಂತ್ರ ಎಂದು ಮಾರಿದ್ದು ಹತ್ತು ಕುದುರೆಗಿಂತ ಹೆಚ್ಚು ಕೆಲಸ ಮಾಡಿದರೆ ಗಿರಾಕಿ ಜಗಳಕ್ಕೆ ಬರುವುದಿಲ್ಲವಲ್ಲ. ಲಂಡನ್ನಿನ ವಿಟ್‌ಬ್ರೆಡ್ ಭಟ್ಟಿ 1785ರಲ್ಲಿ ಮಾಲ್ಟ್ ಅರೆಯುವ ಕುದುರೆಗಳ ಜಾಗಕ್ಕೆ ತಂದ ವಾಟ್ ಯಂತ್ರ ಈಗಲೂ ಸಿಡ್ನಿಯ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಪೀಪಾಯಿ ಸಾಗಿಸುವ ಗಾಡಿಗಳಿಗೆ ಭಟ್ಟಿಗಳವರು ಕುದುರೆಯನ್ನೇ ಕಟ್ಟುತ್ತಿದ್ದರು. ಒಳಗಿನ ಕೆಲಸ ಹೋಯಿತು, ಹೊರಗಿನದು ಮುಂದೆ ನೂರೈವತ್ತು ವರ್ಷ ಉಳಿಯಿತು.

ಎಳೆಗುದುರೆ ಸಾಕುವವರಲ್ಲಿ ಒಂದು ಹಳೆಯ ಅಂದಾಜಿದೆ. ದಿನಪೂರ್ತಿ ದಣಿಯದೆ ದುಡಿಯಬೇಕಾದರೆ ಕುದುರೆ ತನ್ನ ಮೈತೂಕದ ಹತ್ತನೇ ಒಂದು ಪಾಲಿನಷ್ಟು ಮಾತ್ರ ಎಳೆಯಬೇಕು. 680 ಕಿಲೋ ತೂಗುವ ಕುದುರೆಯನ್ನು ತೆಗೆದುಕೊಳ್ಳಿ. 68 ಕಿಲೋ ಎಳೆತ, ಗಂಟೆಗೆ ನಾಲ್ಕು ಕಿಲೋಮೀಟರಿನ ನಡಿಗೆ. ಲೆಕ್ಕ ಹಾಕಿ ನೋಡಿ, ಉತ್ತರ ಹೆಚ್ಚುಕಡಿಮೆ ಸರಿಯಾಗಿ ಒಂದು ಅಶ್ವಶಕ್ತಿಗೆ ಬಂದು ನಿಲ್ಲುತ್ತದೆ. ಇದು ಬರೀ ಕಾಗದದ ಮೇಲಿನ ಸಂಗತಿಯಲ್ಲ. ಒಂಬತ್ತಂಗುಲ ಅಗಲದ ಸಾಲು ಹೊಡೆಯುವ ನೇಗಿಲಿನಿಂದ ಒಂದು ಎಕರೆ ಉಳಬೇಕಾದರೆ ಹನ್ನೊಂದು ಮೈಲಿ ನಡೆಯಬೇಕು. ಇಂಗ್ಲೆಂಡಿನಲ್ಲಿ ಜೋಡಿ ಕುದುರೆಗೆ ದಿನಕ್ಕೊಂದು ಎಕರೆ ಎಂಬುದು ವಾಡಿಕೆಯಾಗಿತ್ತು. ಕುದುರೆಯ ಹಿಂದೆ ಮನುಷ್ಯನೂ ಹನ್ನೊಂದು ಮೈಲಿ ನಡೆಯುತ್ತಿದ್ದ ಎಂಬುದನ್ನು ಅಶ್ವಶಕ್ತಿಯ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ.

ನಮ್ಮಲ್ಲಿ ಬೋರ್‌ವೆಲ್ ಇರುವವರೆಲ್ಲ ದಿನಾ ಎಚ್‌ಪಿ ಎನ್ನುತ್ತಾರೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರಕಾರದ ಉಚಿತ ವಿದ್ಯುತ್ ಇದೆ. ಐದು ಎಚ್‌ಪಿ ಮೋಟಾರು ಎಂದರೆ ಬಾವಿಗೆ ಐದು ಭಾರೀ ಕುದುರೆ ಕಟ್ಟಿದ ಹಾಗೆ. ಮೋಟಾರು ಹಗಲು ರಾತ್ರಿ ಓಡಬಲ್ಲದು, ಕುದುರೆಗೆ ಎಂಟು ಗಂಟೆ ದುಡಿಮೆ ಎಂದರೆ ಸಾಕುಸಾಕು. ಹಾಗಾಗಿ ಮೂರು ಪಾಳಿಗೆ ಹದಿನೈದು ಕುದುರೆ ಬೇಕು. ನಮ್ಮ ಊರಿನ ಕಡೆ ತ್ರೀಫೇಸ್ ಕರೆಂಟು ಏಳು ಗಂಟೆ ಬಂದರೆ ದೊಡ್ಡದು, ಆದ್ದರಿಂದ ಐದೇ ಸಾಕು ಎನ್ನುವವರೂ ಇದ್ದಾರೆ.

ಇನ್ನು ಗಾತ್ರದ ವಿಷಯ. ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿದ್ದಾಗ ಒಂದು ಕೃಷಿ ಮೇಳದಲ್ಲಿ ಶೈರ್ ತಳಿಯ ಕುದುರೆಯ ಪಕ್ಕ ನಿಂತಿದ್ದೆ. ಅದರ ಬೆನ್ನು ನನ್ನ ತಲೆಗಿಂತ ಮೇಲಿತ್ತು. ಉಸ್ತುವಾರಿಯ ಹೆಂಗಸು ಅದರ ಮುಂಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಲಾಳ ತೋರಿಸಿದರು. ನಮ್ಮ ಮನೆಯ ದೋಸೆ ಕಾವಲಿಯಷ್ಟಿತ್ತು. ಅಷ್ಟು ದೊಡ್ಡ ಪ್ರಾಣಿ ಮೂರು ಕಾಲಿನ ಮೇಲೆ ನಿಂತು, ಕಣ್ಣು ಅರೆಮುಚ್ಚಿ, ಕೆಳದುಟಿ ಜೋಲುಬಿಟ್ಟುಕೊಂಡು ತೂಕಡಿಸುತ್ತಿತ್ತು. ಎಳೆಗುದುರೆಗೆ ಬಲದಷ್ಟೇ ಅಗತ್ಯವಾದದ್ದು ಈ ತಣ್ಣನೆಯ ಸ್ವಭಾವ. ಬೆದರುವ ಕುದುರೆಯ ಹಿಂದೆ ಟನ್‌ಗಟ್ಟಲೆ ಗಾಡಿ ಕಟ್ಟುವ ಧೈರ್ಯ ಯಾರಿಗಿದೆ?

ಕುದುರೆಯ ಎತ್ತರವನ್ನು ಅಳೆಯುವುದು ಹೆಗಲಿನ ತುದಿಯವರೆಗೆ, ನಾಲ್ಕಂಗುಲದ 'ಹ್ಯಾಂಡ್' ಎಂಬ ಮಾನದಲ್ಲಿ. 17.2 ಎಂದು ಬರೆದಿದ್ದರೆ ಹದಿನೇಳು ಹ್ಯಾಂಡ್ ಎರಡು ಅಂಗುಲ, ಅಂದರೆ ಐದಡಿ ಹತ್ತಂಗುಲ. ವಯಸ್ಸಿಗೆ ಬಂದ ಶೈರ್ ಗಂಡು ಸುಮಾರಾಗಿ ಅಷ್ಟಿರುತ್ತದೆ, ತೂಕ ಒಂದು ಟನ್ ಆಸುಪಾಸು. 1846ರಲ್ಲಿ ಬೆಡ್‌ಫರ್ಡ್‌ಶೈರ್‌ನಲ್ಲಿ ಹುಟ್ಟಿದ ಸ್ಯಾಂಪ್ಸನ್ ಎಂಬ ಶೈರ್ ಕುದುರೆ ಏಳಡಿ ಎರಡೂವರೆ ಅಂಗುಲ ಬೆಳೆದು 1,500 ಕಿಲೋ ದಾಟಿತ್ತು. ದಾಖಲೆಯಲ್ಲಿ ಅದಕ್ಕಿಂತ ಎತ್ತರದ ಕುದುರೆ ಇಲ್ಲ. ಅಯೋವದ ಬ್ರೂಕ್ಲಿನ್ ಸುಪ್ರೀಮ್ ಎಂಬ ಬೆಲ್ಜಿಯನ್ ತಳಿಯ ಕುದುರೆ 1,450 ಕಿಲೋ ತೂಗುತ್ತಿತ್ತು. ಇವೆಲ್ಲ ಜನ ನೋಡಲು ನೆರೆಯುತ್ತಿದ್ದ ಪ್ರಾಣಿಗಳು. ಎಳೆಯುವ ಪಣದಲ್ಲಿ ಗೆಲ್ಲುವ ಬೆಲ್ಜಿಯನ್ ಮತ್ತು ಫ್ರಾನ್ಸಿನ ಪರ್ಶರಾನ್ ಕುದುರೆಗಳನ್ನು ನೋಡಿದರೆ ಎತ್ತರಕ್ಕಿಂತ ಅಗಲವೇ ಎದ್ದು ಕಾಣುತ್ತದೆ: ಮೋಟು ಕಾಲು, ಹರವಾದ ಎದೆ, ದುಂಡಗೆ ಉಬ್ಬಿದ ಹಿಂಭಾಗ. ಇಂಗ್ಲೆಂಡಿನ ಪೂರ್ವ ಭಾಗದ ಸಫೋಕ್ ತಳಿಯಂತೂ ಗಿಡ್ಡ ಕಾಲಿನ ದಪ್ಪ ಪೀಪಾಯಿ. ಅಲ್ಲಿಯ ಅಂಟುಮಣ್ಣು ಹೆಟ್ಟೆಹೆಟ್ಟೆಯಾಗಿ ಮೆತ್ತಿಕೊಳ್ಳಬಾರದೆಂದು ಅದರ ಪಾದದಲ್ಲಿ ಶೈರ್‌ಗಿರುವ ಕೂದಲಿನ ಜೂಲೂ ಇಲ್ಲ.

ತೂಕ ಯಾಕೆ ಬೇಕು? ಕುದುರೆ ನಿಜಕ್ಕೂ ಎಳೆಯುವುದಿಲ್ಲ, ತಳ್ಳುತ್ತದೆ. ಕೊರಳಿಗೆ ಹಾಕಿದ ಮೆತ್ತೆಯ ಪಟ್ಟಿಗೆ ಹೆಗಲು ಕೊಟ್ಟು, ತಲೆ ತಗ್ಗಿಸಿ, ಹಿಂಗಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ. ಗೊರಸು ನೆಲ ಕಚ್ಚಿಕೊಂಡಿರುವಷ್ಟೂ ಹೊತ್ತು ಬಲ ಗಾಡಿಗೆ ಹೋಗುತ್ತದೆ, ಜಾರಿದರೆ ಮುಗಿಯಿತು. ಮೈಭಾರ ಹೆಚ್ಚಿದಷ್ಟೂ ನೆಲದ ಹಿಡಿತ ಹೆಚ್ಚು. ಟ್ರ್ಯಾಕ್ಟರಿನ ಟೈರಿಗೆ ನೀರು ತುಂಬಿಸುವುದೂ ಇದೇ ಕಾರಣಕ್ಕೆ. ಎತ್ತಿನ ವಿಷಯ ಬೇರೆ. ನಮ್ಮ ದೇಶೀ ಎತ್ತಿನ ಡುಬ್ಬದ ಮುಂದೆ ನೊಗ ಇಟ್ಟರೆ ಅದು ತಾನಾಗಿ ಕೂರುತ್ತದೆ. ಕುದುರೆಗೆ ಡುಬ್ಬವಿಲ್ಲ, ಹಾಗಾಗಿ ನೊಗವನ್ನು ಅದರ ಹೆಗಲು ಹಿಡಿದಿಟ್ಟುಕೊಳ್ಳುವುದಿಲ್ಲ. ಕತ್ತಿಗೆ ಪಟ್ಟಿ ಬಿಗಿದರೆ ಗಂಟಲು ಹಿಚುಕುವ ಅಪಾಯ. ಹೆಗಲಿನ ಮೇಲೆ ಭಾರ ಹಂಚುವ ಮೆತ್ತೆಯ ಕೊರಳಪಟ್ಟಿ ಚೀನಾ ಕಡೆಯಿಂದ ಯುರೋಪಿಗೆ ಮಧ್ಯಯುಗದಲ್ಲಿ ತಲುಪಿದ ಮೇಲೆಯೇ ಅಲ್ಲಿ ಕುದುರೆ ಭಾರೀ ನೇಗಿಲಿಗೆ ಬಂದದ್ದು.

ಈಗ ಗೋದಲಿಗೆ ಬರೋಣ. ಮೇಳದಲ್ಲಿ ಆ ಹೆಂಗಸಿಗೆ ನಾನು ಕೇಳಿದ್ದು, "ಇದು ಎಷ್ಟು ಎಳೆಯುತ್ತೆ?" ಅವರು ನಕ್ಕು, "ಎಲ್ಲರೂ ಅದನ್ನೇ ಕೇಳ್ತಾರೆ. ಎಷ್ಟು ತಿನ್ನುತ್ತೆ ಅಂತ ಕೇಳಿ, ದುಡ್ಡು ಹೋಗೋದು ಅಲ್ಲಿ" ಎಂದರು. ಸಾಮಾನ್ಯವಾಗಿ ಕುದುರೆಗೆ ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಮೇವು ಬೇಕು. ಒಂಬೈನೂರು ಕಿಲೋ ಕುದುರೆಗೆ ಹದಿನೈದು, ಹದಿನೆಂಟು ಕಿಲೋ ಒಣಹುಲ್ಲು ಎಂದಾಯಿತು. ಕೆಲಸವಿದ್ದರೆ ಅದರ ಮೇಲೆ ಕಾಳು. ಬಡ್‌ವೈಸರ್ ಬಿಯರ್ ಕಂಪನಿಯ ಜಾಹೀರಾತಿನಲ್ಲಿ ಕಾಣುವ ಕ್ಲೈಡ್ಸ್‌ಡೇಲ್ ಕುದುರೆಗಳಿಗೆ ದಿನಕ್ಕೆ 40ರಿಂದ 50 ಪೌಂಡ್ ಹುಲ್ಲು, ಇಪ್ಪತ್ತು ಲೀಟರಿನ ಆಸುಪಾಸಿನ ಅಳತೆಯ ಕಾಳು, ನೂರು ಲೀಟರ್ ದಾಟುವ ನೀರು ಎಂದು ಕಂಪನಿಯೇ ಹೇಳಿಕೊಳ್ಳುತ್ತದೆ. ವಿಚಿತ್ರವೆಂದರೆ ಕಿಲೋ ಲೆಕ್ಕದಲ್ಲಿ ನೋಡಿದರೆ ಈ ದಢೂತಿಗಳು ರೇಸ್ ಕುದುರೆಗಿಂತ ಮಿತಾಹಾರಿಗಳು. ನಿಧಾನದ ಮೈ, ನಿಧಾನದ ಖರ್ಚು.

ಆದರೆ ತಿನ್ನಿಸುವುದು ಸುಲಭವಲ್ಲ. ಇಷ್ಟು ದೊಡ್ಡ ಮೈಗೆ ಹೊಟ್ಟೆ ಚಿಕ್ಕದು, ಹಿಡಿಸುವುದು ಹತ್ತು ಹದಿನೈದು ಲೀಟರಿನಷ್ಟು. ಹುಲ್ಲನ್ನು ಹುಳಿಯಿಸಿ ಶಕ್ತಿ ಹಿಂಡುವ ಕೆಲಸ ನಡೆಯುವುದು ಹಿಂದೆ, ದೊಡ್ಡ ಕರುಳಿನಲ್ಲಿ. ಕಾಳನ್ನು ಒಂದೇ ಸಲ ಸುರಿದರೆ ಅದು ಚಿಕ್ಕ ಕರುಳಿನಲ್ಲಿ ಪೂರ್ತಿ ಅರಗದೆ ಹಿಂದಕ್ಕೆ ಹೋಗಿ ಹುಳಿಯೇರಿ ಹೊಟ್ಟೆಶೂಲೆ ಹಿಡಿಸುತ್ತದೆ. ವಾಂತಿ ಮಾಡಿಕೊಳ್ಳುವ ಶಕ್ತಿ ಕುದುರೆಗಿಲ್ಲ, ಒಳಗೆ ಹೋದದ್ದು ಒಳಗೇ ದಾರಿ ಹುಡುಕಬೇಕು. ಶೂಲೆ ಹಿಡಿದ ಕುದುರೆ ಹೊರಳಾಡಿ ಹೊರಳಾಡಿ ಸಾಯುವುದುಂಟು. ಅದಕ್ಕೇ ಸಫೋಕ್ ಕಡೆಯ ಕುದುರೆಯಾಳುಗಳು ಬೆಳಗಿನ ಜಾವ ನಾಲ್ಕಕ್ಕೆಲ್ಲ ಲಾಯಕ್ಕೆ ಬಂದು, ಕತ್ತರಿಸಿದ ಹುಲ್ಲಿಗೆ ಓಟ್ಸ್ ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕುತ್ತ ಕೂರುತ್ತಿದ್ದರು. ಎರಡು ಗಂಟೆ ನಿಧಾನವಾಗಿ ತಿಂದು ಅರಗಿಸಿಕೊಂಡ ಮೇಲೆಯೇ ನೇಗಿಲು. ಜಾರ್ಜ್ ಇವಾರ್ಟ್ ಇವಾನ್ಸ್ ಎಂಬ ಬರಹಗಾರ ಆ ಮುದುಕರ ನೆನಪುಗಳನ್ನು ಕೇಳಿ 1960ರಲ್ಲಿ ಒಂದು ಪುಸ್ತಕವನ್ನೇ ಮಾಡಿದ. ಯಜಮಾನನ ಕಣಜದಿಂದ ತನ್ನ ಕುದುರೆಗೆಂದು ಓಟ್ಸ್ ಕದಿಯುವುದನ್ನು ಆ ಆಳುಗಳು ಕಳ್ಳತನವೆಂದೇ ಎಣಿಸುತ್ತಿರಲಿಲ್ಲವಂತೆ. ನನಗೂ ಅದು ಕಳ್ಳತನ ಅನ್ನಿಸುವುದಿಲ್ಲ.

ಇನ್ನೊಂದು ಕಾಯಿಲೆಯ ಕಥೆ ಕೇಳಿ. ವಾರವಿಡೀ ದುಡಿದ ಕುದುರೆ ಭಾನುವಾರ ಲಾಯದಲ್ಲಿ ನಿಲ್ಲುತ್ತದೆ. ಮಾಲೀಕ ಪ್ರೀತಿಯಿಂದ ದಿನದಷ್ಟೇ ಕಾಳು ಹಾಕುತ್ತಾನೆ. ಸೋಮವಾರ ಗಾಡಿ ಕಟ್ಟಿ ಫರ್ಲಾಂಗು ಹೋಗುವಷ್ಟರಲ್ಲಿ ಕುದುರೆ ಬೆವರಿ, ಹಿಂಭಾಗ ಕಲ್ಲಿನಂತೆ ಬಿಗಿದು, ನಿಂತಲ್ಲೇ ನಡುಗುತ್ತದೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಯಾಕೆಂದರೆ ಸ್ನಾಯುವೇ ಒಡೆದು ರಕ್ತಕ್ಕೆ ಸೇರಿರುತ್ತದೆ. ಗಾಡಿಯವರು ಇದನ್ನು ಸೋಮವಾರದ ರೋಗ ಎಂದೇ ಕರೆದರು. ರಜೆಯ ದಿನ ಕಾಳು ಅರ್ಧಕ್ಕಿಳಿಸಿ, ಸ್ವಲ್ಪ ಅಡ್ಡಾಡಿಸಿ ಎಂಬ ಮದ್ದನ್ನು ಅವರು ಅನುಭವದಿಂದಲೇ ಕಂಡುಕೊಂಡಿದ್ದರು. ವಿಜ್ಞಾನಕ್ಕೆ ಕಾರಣದ ಒಂದು ಭಾಗ ಸಿಕ್ಕಿದ್ದು 2008ರಲ್ಲಿ. ಕೆಲವು ಕುದುರೆಗಳಲ್ಲಿ ಒಂದು ಜೀನ್ ಬದಲಾಗಿದ್ದು, ಅವುಗಳ ಸ್ನಾಯು ಸಕ್ಕರೆಯನ್ನು ಅತಿಯಾಗಿ ಕೂಡಿಡುತ್ತದೆ, ಬೇಕಾದಾಗ ಬಳಸಿಕೊಳ್ಳಲಾರದು. ಅಮೆರಿಕದ ಬೆಲ್ಜಿಯನ್ ಕುದುರೆಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲು ಇಂಥವು, ಶೈರ್‌ಗಳಲ್ಲಿ ತೀರಾ ಅಪರೂಪ. ಬರಗಾಲದ ಹುಲ್ಲು ತಿಂದು ದುಡಿಯುತ್ತಿದ್ದ ಕಾಲದಲ್ಲಿ ಈ ಕೂಡಿಡುವ ಗುಣ ವರವೇ ಆಗಿದ್ದೀತು ಎಂದು ಊಹಿಸುವವರಿದ್ದಾರೆ. ಈಗ ಅಂಥ ಕುದುರೆಗೆ ಕಾಳು ಕಡಿಮೆ ಮಾಡಿ ಎಣ್ಣೆ ಸೇರಿಸಿದ ಮೇವು ಕೊಡುತ್ತಾರೆ, ದಿನವೂ ನಡೆಸುತ್ತಾರೆ. ಪೇಟೆಯ ಸಕ್ಕರೆ ಕಾಯಿಲೆ ಡಾಕ್ಟರರ ಉಪದೇಶಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಎಳೆಗುದುರೆಯ ಕಾಲ ಮುಗಿದದ್ದು ಬಲ ಸಾಲದೆ ಎಂದು ತಿಳಿದವರು ಬಹಳ. ನಿಜವಾದ ಭಾರ ಮೇವಿನದು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಫ್ರಾನ್ಸಿಗೆ ಸಾಗಿಸಿದ ಮದ್ದುಗುಂಡು 52 ಲಕ್ಷ ಟನ್ನಿಗೂ ಹೆಚ್ಚು. ಕುದುರೆ, ಹೇಸರಗತ್ತೆಗಳಿಗೆಂದು ಸಾಗಿಸಿದ ಓಟ್ಸ್ ಮತ್ತು ಹುಲ್ಲು 54 ಲಕ್ಷ ಟನ್. ಫಿರಂಗಿಗಿಂತ ಗೋದಲಿ ಹೆಚ್ಚು ಹಡಗು ನುಂಗಿತ್ತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಎರಡೂವರೆ ಕೋಟಿ ಕುದುರೆ, ಹೇಸರಗತ್ತೆಗಳಿದ್ದು, ಬೆಳೆಯುವ ಭೂಮಿಯಲ್ಲಿ ಐದನೇ ಒಂದಕ್ಕೂ ಹೆಚ್ಚು ಪಾಲು ಅವುಗಳ ಹೊಟ್ಟೆಗೇ ಹೋಗುತ್ತಿತ್ತು. ಟ್ರ್ಯಾಕ್ಟರಿನ ದೊಡ್ಡ ಗುಣ ಅದರ ಬಲಕ್ಕಿಂತ ಹೆಚ್ಚಾಗಿ ಇನ್ನೊಂದು: ಕೆಲಸ ಇಲ್ಲದ ದಿನ ಅದು ಏನೂ ತಿನ್ನುವುದಿಲ್ಲ. ಕುದುರೆಗೆ ಭಾನುವಾರವೂ ಹಸಿವು, ಮಳೆ ಬಂದರೂ ಹಸಿವು. ಎರಡನೇ ಯುದ್ಧದ ನಂತರ ಇಂಗ್ಲೆಂಡಿನಲ್ಲಿ ಸಾವಿರಾರು ಭಾರೀ ಕುದುರೆಗಳು ಕಸಾಯಿಖಾನೆಗೆ ಹೋದವು. 1966ರಲ್ಲಿ ಸಫೋಕ್ ತಳಿಯ ಒಂಬತ್ತು ಮರಿಗಳಷ್ಟೇ ನೋಂದಣಿಯಾದವು. ತಳಿ ಇವತ್ತಿಗೂ ಅಳಿವಿನ ಅಂಚಿನಲ್ಲಿಯೇ ಇದೆ.

ಮಂಡ್ಯ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಒಂದು ಜೊತೆ ಶೈರ್ ತಂದು ನಮ್ಮ ಗದ್ದೆಗೆ ಕಟ್ಟಿದರೆ ಹೇಗೆ?" ಉತ್ಸಾಹಕ್ಕೆ ನೀರೆರಚಲು ಮನಸ್ಸಿಲ್ಲ, ಆದರೂ ಲೆಕ್ಕ ಹೇಳಬೇಕು. ದಿನಕ್ಕೆ ಹದಿನೆಂಟು ಕಿಲೋ ಎಂದರೆ ವರ್ಷಕ್ಕೆ ಆರೂವರೆ ಟನ್ ಹುಲ್ಲು, ಅದು ಒಂದಕ್ಕೆ. ಜೋಡಿಗೆ ಹದಿಮೂರು ಟನ್. ಅದೂ ಒಳ್ಳೆಯ ಹುಲ್ಲಾಗಬೇಕು. ಎತ್ತು ಮೆಲುಕು ಹಾಕುವ ಪ್ರಾಣಿ. ಬರೀ ಭತ್ತದ ಹುಲ್ಲು, ರಾಗಿ ಹುಲ್ಲು ಹಾಕಿದರೂ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಮತ್ತೆ ಬಾಯಿಗೆ ತಂದು ಅರೆದು, ಸಾರವನ್ನು ಹಿಂಡಿಕೊಳ್ಳುತ್ತದೆ. ಕುದುರೆ ಬೇಗ ತಿಂದು ಬೇಗ ಹೊರಹಾಕುತ್ತದೆ, ಹಾಗಾಗಿ ಕಳಪೆ ಮೇವಿನಲ್ಲಿ ಸೊರಗುತ್ತದೆ. ಬದಲಿಗೆ ಒಳ್ಳೆಯ ಕಾಳು ಸಿಕ್ಕಿದರೆ ಮೆಲುಕಿಗೆ ಹೊತ್ತು ಕೇಳದೆ ಎತ್ತಿಗಿಂತ ಚುರುಕಾಗಿ, ಹೆಚ್ಚು ಹೊತ್ತು ದುಡಿಯುತ್ತದೆ. ಓಟ್ಸ್ ಬೆಳೆಯುವ ತಣ್ಣನೆಯ ನಾಡಿನವರು ಕುದುರೆ ಕಟ್ಟಿದ್ದಕ್ಕೂ, ಹುಲ್ಲೇ ಗತಿಯಾದ ನಮ್ಮ ಬಯಲುಸೀಮೆಯವರು ಎತ್ತು ಕಟ್ಟಿದ್ದಕ್ಕೂ ಇದೊಂದು ದೊಡ್ಡ ಕಾರಣ ಎಂಬುದು ನನ್ನ ಎಣಿಕೆ. ನಮ್ಮಲ್ಲೂ ಕುದುರೆಗೆ ಕಾಳಿತ್ತು, ಹುರುಳಿ. ಜಟಕಾ ಸ್ಟ್ಯಾಂಡಿನಲ್ಲಿ ಬೇಯಿಸಿದ ಹುರುಳಿಯ ವಾಸನೆ ಇನ್ನೂ ನೆನಪಿರುವವರು ನನ್ನ ವಯಸ್ಸಿನವರಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಆ ಕುದುರೆಗಳು ಶೈರ್‌ನ ತೂಕದಲ್ಲಿ ಮೂರನೇ ಒಂದು ಪಾಲೂ ಇರುತ್ತಿರಲಿಲ್ಲ.

ಜೊತೆಗೆ ಬಿಸಿಲು. ದಪ್ಪ ಮೈ ಕಾವನ್ನು ಬೇಗ ಬಿಡುವುದಿಲ್ಲ. ಶೈರ್‌ನ ಪಾದದ ಕೂದಲು ಗದ್ದೆಯ ಕೆಸರಿನಲ್ಲಿ ನೆನೆದು ಚರ್ಮರೋಗ ಹಿಡಿಯುತ್ತದೆ. ದೋಸೆ ಕಾವಲಿಯಷ್ಟು ದೊಡ್ಡ ಲಾಳ ಕಟ್ಟುವವರನ್ನು ಮದ್ದೂರಿನಲ್ಲಿ ಎಲ್ಲಿ ಹುಡುಕುತ್ತೀರಿ? ಅಷ್ಟಕ್ಕೂ ನಿಮ್ಮ ಸೀಮೆಯಲ್ಲೇ ಹಳ್ಳಿಕಾರ್ ಇದೆ. ಸಾಧಾರಣ ಎತ್ತೊಂದು ಕೊಡುವುದು ಅರ್ಧ ಅಶ್ವಶಕ್ತಿ, ಜೋಡಿಗೆ ಒಂದು. ಹಳ್ಳಿಕಾರಿನ ಬಳಗದ್ದೇ ಆದ ಅಮೃತಮಹಲ್ ಎತ್ತುಗಳನ್ನು ಕಟ್ಟಿಕೊಂಡು ಹೈದರಾಲಿಯ ಸೇನೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರ ತಲುಪಿತ್ತು ಎಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. ಭಾರೀ ಕುದುರೆ ದುಡಿಯುವುದನ್ನು ನೋಡಲೇಬೇಕು ಎನಿಸಿದರೆ ಯುರೋಪಿನ ಕಾಡುಗಳಿಗೆ ಹೋಗಿ. ಟ್ರ್ಯಾಕ್ಟರಿನ ಚಕ್ರಕ್ಕೆ ಮಣ್ಣು ಗಟ್ಟಿಯಾಗಿ ಸಸಿ ಏಳುವುದಿಲ್ಲ ಎಂದು ಕೆಲವು ಕಡೆ ಈಗಲೂ ಭಾರೀ ಕುದುರೆಗಳಿಂದಲೇ ದಿಮ್ಮಿ ಎಳೆಸುತ್ತಾರೆ. ಹೋದಾಗ ಎಷ್ಟು ಎಳೆಯುತ್ತೆ ಎಂದು ಕೇಳಬೇಡಿ. ಬೆಳಿಗ್ಗೆ ಎಷ್ಟು ಗಂಟೆಗೆ ಮೇವು ಹಾಕಿದಿರಿ ಎಂದು ಕೇಳಿ, ಅವರು ನಿಮ್ಮನ್ನು ಕುದುರೆ ಬಲ್ಲವರೆಂದು ತಿಳಿದು ಕೂರಿಸಿಕೊಂಡು ಮಾತಾಡುತ್ತಾರೆ.